ಶುಗರ್ ಇರುವವರು ಹಲ್ಲು ಕೀಳಿಸಿದ ಮೇಲೆ ಗಾಯ ನಂಜಾಗದಂತೆ ನೋಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ ಇದೆ. ಆಲೂರು, ಬೇಲೂರು, ಅರಕಲಗೂಡು, ಸಕಲೇಶಪುರದಿಂದ ಜನ ಬರುತ್ತಾರೆ. ಕೆಲವೊಮ್ಮೆ ಮೂಡಿಗೆರೆ ಕಡೆಯಿಂದಲೂ ಬರುತ್ತಾರೆ. ನಲವತ್ತು ದಾಟಿದವರಲ್ಲಿ ಶುಗರ್ ಇರುವವರು ಬಹಳ. ಹಲ್ಲು ಕೀಳುವುದು 15 ನಿಮಿಷದ ಕೆಲಸ. ನನಗೆ ಚಿಂತೆ ಇರುವುದು ಆಮೇಲಿನ ಒಂದು ವಾರದ ಬಗ್ಗೆ. ಆ ವಾರ ನೀವು ಮನೆಯಲ್ಲಿರುತ್ತೀರಿ, ನಾನು ಇಲ್ಲಿರುತ್ತೇನೆ. ಅದಕ್ಕೇ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಬಿಡಿಸಿ ಉತ್ತರ ಬರೆದಿದ್ದೇನೆ.

ಶುಗರ್ ಇರುವವರು ಹಲ್ಲು ಕೀಳಿಸಲೇಬಾರದು ಅಂತಾರೆ. ನಿಜವಾ?

ನಿಜ ಅಲ್ಲ. ಶುಗರ್ ಹತೋಟಿಯಲ್ಲಿದ್ದರೆ ಬೇರೆಯವರಂತೆ ನೀವೂ ಕೀಳಿಸಬಹುದು. ಈ ಮಾತು ನಂಬಿ ಕೊಳೆತ ಹಲ್ಲನ್ನು ಎರಡು ಮೂರು ವರ್ಷ ಬಾಯಲ್ಲೇ ಇಟ್ಟುಕೊಂಡು ಬಂದವರನ್ನು ನೋಡಿ ನನಗೆ ಸಂಕಟವಾಗಿದೆ. ಬೇರಿನಲ್ಲಿ ಕೀವು ತುಂಬಿದ ಹಲ್ಲು ಒಳಗೇ ಇದ್ದರೆ ಶುಗರ್ ಇನ್ನೂ ಏರುತ್ತದೆ. ಮಾತ್ರೆ ಜಾಸ್ತಿ ಮಾಡಿದರೂ ಇಳಿಯುವುದು ಕಷ್ಟ. ಅಂಥ ಹಲ್ಲು ತೆಗೆಸಿದ ಮೇಲೆ ಎಷ್ಟೋ ಜನರ ಶುಗರ್ ಹತೋಟಿಗೆ ತರುವುದು ಸುಲಭವಾಗಿದೆ.

ಶುಗರ್ ಇದ್ದರೆ ಗಾಯ ಯಾಕೆ ಬೇಗ ನಂಜಾಗುತ್ತದೆ?

ಗಾಯಕ್ಕೆ ಹೊರಗಿನಿಂದ ಬರುವ ಕ್ರಿಮಿಗಳನ್ನು ಹಿಡಿದು ಕೊಲ್ಲುವುದು ರಕ್ತದ ಬಿಳಿ ಕಣಗಳು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ಈ ಕಣಗಳು ಮಂಕಾಗುತ್ತವೆ. ಗಾಯದ ಹತ್ತಿರ ಬರುವುದೂ ನಿಧಾನ, ಕೊಲ್ಲುವ ಶಕ್ತಿಯೂ ಕಡಿಮೆ. ವರ್ಷಗಟ್ಟಲೆ ಶುಗರ್ ಇದ್ದವರ ಸಣ್ಣ ರಕ್ತನಾಳಗಳೂ ಕೆಟ್ಟಿರುತ್ತವೆ. ಹಾಗಾಗಿ ಗಾಯಕ್ಕೆ ರಕ್ತ ಸಾಕಷ್ಟು ಹರಿಯುವುದಿಲ್ಲ. ಹೊಸ ಮಾಂಸ ಕಟ್ಟುವ ಕೆಲಸವೂ ತಡ. ಇದರ ಜೊತೆಗೆ ಬಾಯಿ ಒಣಗುತ್ತದೆ. ಜೊಲ್ಲು ಇದ್ದರೆ ಬಾಯಿ ತಾನಾಗಿ ತೊಳೆದುಕೊಳ್ಳುತ್ತಿರುತ್ತದೆ. ಅದು ಕಡಿಮೆಯಾದಾಗ ಕ್ರಿಮಿಗಳಿಗೆ ಅನುಕೂಲ.

ಶುಗರ್ ಎಷ್ಟಿದ್ದರೆ ಕೀಳುತ್ತೀರಿ?

ಎಲ್ಲ ಡಾಕ್ಟರುಗಳೂ ಒಂದೇ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ನಾನು ಕೀಳುವ ಮೊದಲು ಬೆರಳು ಚುಚ್ಚಿ ನೋಡುತ್ತೇನೆ. ಊಟ ಆಗಿ ಎರಡು ಗಂಟೆಗೆ 180ರ ಒಳಗಿದ್ದರೆ ನೆಮ್ಮದಿ. 250 ದಾಟಿದ್ದು, ಅವಸರದ ಕೆಲಸ ಅಲ್ಲದಿದ್ದರೆ, ಶುಗರ್ ಡಾಕ್ಟರ ಹತ್ತಿರ ಹೋಗಿ ಹತೋಟಿಗೆ ತಂದುಕೊಂಡು ಬನ್ನಿ ಅನ್ನುತ್ತೇನೆ. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಸಕ್ಕರೆ ನೀರು ಕುಡಿಸಿ, ಏರಿದ ಮೇಲೆಯೇ ಕುರ್ಚಿಗೆ.

ಒಂದು ದಿನದ ಶುಗರ್ ಪೂರ್ತಿ ಕತೆ ಹೇಳುವುದಿಲ್ಲ. ಹಿಂದಿನ ದಿನ ಮುದ್ದೆ ಬಿಟ್ಟು, ಬೆಳಿಗ್ಗೆ ಎರಡು ಮಾತ್ರೆ ನುಂಗಿ 140 ತೋರಿಸುವವರಿದ್ದಾರೆ. ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದು 7ರ ಆಸುಪಾಸು ಇದ್ದರೆ ಒಳ್ಳೆಯದು. ಮೂರು ತಿಂಗಳ ಒಳಗಿನ ರಿಪೋರ್ಟ್ ಇದ್ದರೆ ತನ್ನಿ. ದಯವಿಟ್ಟು ನಂಬರ್ ಮುಚ್ಚಿಡಬೇಡಿ. ಬೈಯುವುದಕ್ಕೆ ನಾನು ಕೇಳುವುದಿಲ್ಲ. ಯಾವ ಔಷಧಿ, ಹೊಲಿಗೆ ಬೇಕಾ, ಯಾವತ್ತು ಮತ್ತೆ ನೋಡಬೇಕು ಅನ್ನುವುದು ಅದರ ಮೇಲೆ ನಿಂತಿರುತ್ತದೆ.

ಶುಗರ್ 320 ಇದೆ, ಆದರೆ ಕೆನ್ನೆ ಊದಿಕೊಂಡಿದೆ. ಶುಗರ್ ಇಳಿಯುವವರೆಗೆ ಮನೆಯಲ್ಲೇ ಇರಲಾ?

ಬೇಡ. ಇವತ್ತೇ ಬನ್ನಿ. ಆ ಊತವೇ ಶುಗರನ್ನು ಮೇಲೆ ಹಿಡಿದಿಟ್ಟಿರಬಹುದು. ಇಂಥ ಹೊತ್ತಿನಲ್ಲಿ ಹಲ್ಲಿನ ಡಾಕ್ಟರು ಮತ್ತು ಶುಗರ್ ಡಾಕ್ಟರು ಸೇರಿ ಕೆಲಸ ಮಾಡಬೇಕಾಗುತ್ತದೆ. ಒಬ್ಬರು ಕೀವು ಹೊರಗೆ ಬಿಡುತ್ತಾರೆ, ಇನ್ನೊಬ್ಬರು ಇನ್ಸುಲಿನ್ ಕೊಟ್ಟು ಶುಗರ್ ಇಳಿಸುತ್ತಾರೆ. ಕೆಲವರನ್ನು ಆಸ್ಪತ್ರೆಗೆ ಸೇರಿಸಿಯೇ ಮಾಡಬೇಕು. ಖಾಸಗಿಗೆ ಹೋಗಲು ಕೈಯಲ್ಲಿ ದುಡ್ಡಿಲ್ಲ ಅಂತ ಕಾಯಬೇಡಿ, ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆ ಇದೆ.

ಹಲ್ಲು ಕೀಳಿಸಲು ಯಾವ ದಿನ, ಯಾವ ಹೊತ್ತು ಒಳ್ಳೆಯದು?

ಇದನ್ನು ಜನ ಪಂಚಾಂಗ ನೋಡಿ ಕೇಳುತ್ತಾರೆ. ನಾನು ಬೇರೆ ಲೆಕ್ಕ ಹೇಳುತ್ತೇನೆ. ಹೊತ್ತು ಅಂದರೆ ಬೆಳಿಗ್ಗೆ. ತಿಂಡಿ ತಿಂದು, ಮಾತ್ರೆ ನುಂಗಿ, ಹತ್ತು ಗಂಟೆ ಹೊತ್ತಿಗೆ ಬಂದರೆ ಶುಗರ್ ಕುಸಿಯುವ ಭಯ ಕಡಿಮೆ. ರಕ್ತ ನಿಲ್ಲದಿದ್ದರೆ ಮತ್ತೆ ಬರಲು ಇಡೀ ದಿನ ಕೈಯಲ್ಲಿರುತ್ತದೆ.

ದಿನ ಆರಿಸುವಾಗ ಮೂರನೇ ದಿನ, ನಾಲ್ಕನೇ ದಿನ ಏನಿದೆ ಅಂತ ನೋಡಿ. ಕೀಳಿಸಿದ ದಿನ ತೊಂದರೆ ಆಗುವುದು ಅಪರೂಪ. ನಂಜು ತಲೆ ಎತ್ತುವುದು ಮೂರು ನಾಲ್ಕು ದಿನ ಕಳೆದ ಮೇಲೆ. ಗುರುವಾರ ಕೀಳಿಸಿದರೆ ಆ ಹೊತ್ತು ಭಾನುವಾರ ಬರುತ್ತದೆ. ಕ್ಲಿನಿಕ್ ಮುಚ್ಚಿರುತ್ತದೆ, ನಿಮ್ಮೂರಿನ ಬಸ್ಸೂ ಇರುವುದಿಲ್ಲ. ಸೋಮವಾರ ಅಥವಾ ಮಂಗಳವಾರ ಕೀಳಿಸಿದರೆ ಗುರುವಾರ, ಶುಕ್ರವಾರ ನಾನು ಸಿಗುತ್ತೇನೆ. ಮಲೆನಾಡಿನ ಒಳಗಿನ ಊರಿನವರು ಮಳೆಗಾಲವನ್ನೂ ಲೆಕ್ಕಕ್ಕೆ ತಗೊಳ್ಳಿ. ಜುಲೈನಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಎರಡು ದಿನ ಆಚೆ ಬರಲಾಗುವುದಿಲ್ಲ. ಅವಸರ ಇಲ್ಲದ ಹಲ್ಲಾದರೆ ಮಳೆಗೆ ಮೊದಲೇ ತೆಗೆಸಿ. ಇಲ್ಲವೇ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಮೂರು ನಾಲ್ಕು ದಿನ ಉಳಿದುಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲೂ ಅಷ್ಟೇ. ಕೀಳಿಸಿದ ಮಾರನೇ ದಿನವೇ ತೋಟಕ್ಕೆ ಹೋಗಿ ಮೂಟೆ ಹೊತ್ತರೆ ರಕ್ತ ಮತ್ತೆ ಶುರುವಾಗುತ್ತದೆ. ಎರಡು ಮೂರು ದಿನ ರಜೆ ಮಾಡಲು ಆಗುವ ಹೊತ್ತು ನೋಡಿಕೊಳ್ಳಿ.

ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಮಾತ್ರೆ, ಇನ್ಸುಲಿನ್ ಏನು ಮಾಡಲಿ?

ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಬಾಯಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೀಳುವುದಾದರೆ ಉಪವಾಸ ಬೇಕಿಲ್ಲ. ಮಾತ್ರೆ ನುಂಗಿ ತಿಂಡಿ ಬಿಟ್ಟರೆ ಶುಗರ್ ಕುಸಿದು ಕುರ್ಚಿಯಲ್ಲೇ ಬೆವರಿ ತಲೆ ಸುತ್ತುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದಾದರೆ ಮಾತ್ರ ಉಪವಾಸದ ನಿಯಮ ಬೇರೆ. ಅದನ್ನು ಆಸ್ಪತ್ರೆಯವರೇ ಹೇಳುತ್ತಾರೆ.

ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಎಂದಿನಂತೆ ನಡೆಯುತ್ತದೆ. ಇಡೀ ದಿನ ಕೆಲಸ ಮಾಡುವ, ದಿನಕ್ಕೊಮ್ಮೆ ಹಾಕಿಕೊಳ್ಳುವ ಇನ್ಸುಲಿನ್ ಅನ್ನು ನೀವಾಗಿ ನಿಲ್ಲಿಸಬೇಡಿ. ಚಿಕ್ಕಂದಿನಿಂದ ಇನ್ಸುಲಿನ್ ಮೇಲೇ ಇರುವವರಂತೂ ಯಾವ ಕಾರಣಕ್ಕೂ ನಿಲ್ಲಿಸಬಾರದು. ಊಟದ ಮುಂಚೆ ಹಾಕುವ ಇನ್ಸುಲಿನ್ ಊಟಕ್ಕೆ ತಕ್ಕಂತೆ ಇರಬೇಕು. ಕೀಳಿಸಿದ ಮೇಲೆ ಅರ್ಧ ಊಟವೂ ಇಳಿಯದಿದ್ದರೆ ಎಷ್ಟು ಹಾಕಬೇಕು ಅಂತ ನಿಮ್ಮ ಶುಗರ್ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತಗೊಳ್ಳುವವರು ಊಟ ಇಳಿಯದಿದ್ದರೆ ಅದನ್ನು ಏನು ಮಾಡಬೇಕು ಅಂತ ತಪ್ಪದೇ ಕೇಳಿ. ಊಟ ನೀರು ಬಿಟ್ಟು ಈ ಮಾತ್ರೆ ಮಾತ್ರ ನುಂಗುತ್ತಿದ್ದರೆ ಕೆಲವರಲ್ಲಿ ರಕ್ತ ಹುಳಿಯಾಗುವ ಅಪಾಯ ಇದೆ. ಅಂಥ ಹೊತ್ತಿನಲ್ಲಿ ಶುಗರ್ ನಂಬರ್ ತೀರಾ ಜಾಸ್ತಿ ಕಾಣದೆಯೂ ಇರಬಹುದು.

ಹಲ್ಲಿನ ಡಾಕ್ಟರಿಗೆ ಬೇರೆ ಏನು ಹೇಳಬೇಕು?

ಮನೆಯಲ್ಲಿರುವ ಎಲ್ಲ ಮಾತ್ರೆ ಚೀಟಿಗಳನ್ನು ಒಂದು ಕವರ್‌ನಲ್ಲಿ ಹಾಕಿಕೊಂಡು ಬನ್ನಿ. ಅದೇ ಸುಲಭ. ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ, ಆದರೆ ನೀವಾಗಿ ನಿಲ್ಲಿಸಿ ಬರಬೇಡಿ. ಕಿಡ್ನಿ ತೊಂದರೆ, ಪೆನಿಸಿಲಿನ್ ಅಲರ್ಜಿ, ಮೂಳೆ ಸವೆತಕ್ಕೋ ಕ್ಯಾನ್ಸರಿಗೋ ತಗೊಂಡ ಇಂಜೆಕ್ಷನ್ ಇದ್ದರೆ ಹೇಳಿ. ಕೆಲವು ಮೂಳೆ ಔಷಧಿ ತಗೊಂಡವರಲ್ಲಿ ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುವುದುಂಟು.

ಕಿತ್ತ ಮೇಲೆ ಮೊದಲ ದಿನ ಏನು ಮಾಡಬೇಕು?

ಹಲ್ಲು ಇದ್ದ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ನಿಮ್ಮ ಗಾಯದ ಮುಚ್ಚಳ. ಅದರ ಕೆಳಗೆ ಹೊಸ ಮಾಂಸ ಬೆಳೆಯುತ್ತದೆ. ಮೊದಲ 24 ಗಂಟೆ ಮಾಡುವುದೆಲ್ಲ ಅದನ್ನು ಉಳಿಸಿಕೊಳ್ಳುವುದಕ್ಕೇ.

ಇಟ್ಟ ಗಾಜ್ ಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಳ್ಳಿ. ಐದು ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ಉಗುಳಬೇಡಿ, ಜೊಲ್ಲು ಬಂದರೆ ನುಂಗಿ. ಬಸ್ಸಿನ ಕಿಟಕಿಯಿಂದ ಉಗುಳುತ್ತಾ ಊರು ಸೇರಿ, ಮನೆಗೆ ಹೋಗುವಷ್ಟರಲ್ಲಿ ಹೆಪ್ಪು ಕಳೆದುಕೊಂಡವರು ಬಹಳ ಜನ. ಬಾಯಿ ಮುಕ್ಕಳಿಸಬೇಡಿ. ಎಳನೀರಾದರೂ ಸರಿ, ಸ್ಟ್ರಾ ಹಾಕಿ ಹೀರಬೇಡಿ. ಬಿಸಿ ಕಾಫಿ ಬೇಡ. ನಮ್ಮ ಕಡೆಯವರಿಗೆ ಇದು ಕಷ್ಟ ಅಂತ ಗೊತ್ತು. ಆರಿಸಿ, ಸಕ್ಕರೆ ಬೆಲ್ಲ ಇಲ್ಲದೆ ಕುಡಿಯಿರಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗೆ ಆಗಾಗ ಹಿಡಿಯಿರಿ. ರಾತ್ರಿ ತಲೆದಿಂಬು ಸ್ವಲ್ಪ ಎತ್ತರ ಇರಲಿ.

ಜೊಲ್ಲಿನಲ್ಲಿ ಒಂದು ದಿನ ಕೆಂಪು ಛಾಯೆ ಇದ್ದರೆ ಹೆದರಬೇಡಿ. ಬಾಯಿ ತುಂಬ ರಕ್ತ ಬರುತ್ತಿದ್ದರೆ ಹೊಸ ಗಾಜ್ ಮಡಚಿ ಇನ್ನೂ ಅರ್ಧ ಗಂಟೆ ಕಚ್ಚಿ. ಆಗಲೂ ನಿಲ್ಲದಿದ್ದರೆ ಫೋನ್ ಮಾಡಿ.

ಉಪ್ಪು ನೀರು ಯಾವಾಗ ಶುರು ಮಾಡಲಿ? ಹಲ್ಲು ಉಜ್ಜಬಹುದಾ?

ಉಪ್ಪು ನೀರು 24 ಗಂಟೆ ಆದ ಮೇಲೆ. ಕುದಿಸಿ ಉಗುರು ಬೆಚ್ಚಗೆ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು. ತೋಟದ ಮನೆಗಳಲ್ಲಿ ಬಾವಿ ನೀರು, ಹಳ್ಳದ ನೀರು ಬಳಸುವವರು ಕುದಿಸುವುದನ್ನು ಮರೆಯಬೇಡಿ. ಬಾಯಲ್ಲಿ ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ನಿಧಾನಕ್ಕೆ ವಾಲಿಸಿ. ಆಮೇಲೆ ಉಗುಳದೆ ಹಾಗೇ ಬೀಳಿಸಿ. ದಿನಕ್ಕೆ ನಾಲ್ಕೈದು ಸಲ, ಮುಖ್ಯವಾಗಿ ಊಟ ತಿಂಡಿ ಆದ ಮೇಲೆ. ಹೀಗೆ ಒಂದು ವಾರ ಮಾಡಿ. ಬಿಪಿ ಇದೆ, ಉಪ್ಪು ಆಗಲ್ಲ ಅಂತ ಬಿಡಬೇಡಿ. ಅದನ್ನು ನುಂಗುವುದಿಲ್ಲ ಅಲ್ವಾ? ಡಾಕ್ಟರು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದಿದ್ದರೆ ಅದೂ ಮಾರನೇ ದಿನದಿಂದಲೇ.

ಉಳಿದ ಹಲ್ಲುಗಳನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ, ಗಾಯದ ಹತ್ತಿರ ಮಾತ್ರ ಹೋಗಬೇಡಿ. ನೋವು ಅಂತ ಮೂರು ನಾಲ್ಕು ದಿನ ಬಾಯಿ ತೊಳೆಯದೇ ಇರುವುದು ನಾನು ನೋಡುವ ದೊಡ್ಡ ತಪ್ಪು.

ಗಾಯಕ್ಕೆ ಅರಿಶಿನ, ಕಾಫಿ ಪುಡಿ, ಲವಂಗದ ಎಣ್ಣೆ ಹಾಕಬಹುದಾ?

ಹಾಕಬೇಡಿ. ಕೈ ಕೊಯ್ದುಕೊಂಡಾಗ ಕಾಫಿ ಪುಡಿ ಒತ್ತುವುದು ನಮ್ಮ ಮನೆಗಳಲ್ಲಿ ಹಳೇ ರೂಢಿ. ಹಲ್ಲಿನ ಗುಂಡಿಗೆ ಹಾಕಿದ ಪುಡಿ ಯಾವುದೇ ಆಗಲಿ, ಕೆಳಗೆ ಕೂತು ಕೊಳೆಯುತ್ತದೆ. ಆಮೇಲೆ ಅದನ್ನು ಕೆರೆದು ತೆಗೆಯಬೇಕಾಗುತ್ತದೆ. ಸುಣ್ಣ, ಹೊಗೆಸೊಪ್ಪು ಇನ್ನೂ ಕೆಟ್ಟದ್ದು, ಒಸಡು ಸುಡುತ್ತವೆ. ನೋವಿಗೆ ಆಸ್ಪಿರಿನ್ ಮಾತ್ರೆ ಒಸಡಿನ ಮೇಲೆ ಇಟ್ಟುಕೊಂಡರೂ ಸುಡುತ್ತದೆ. ಅರಿಶಿನ ಸಾರಿನಲ್ಲಿ ಇರಲಿ.

ಎಲೆ ಅಡಿಕೆ, ಬೀಡಿ ಎಷ್ಟು ದಿನ ಬಿಡಬೇಕು?

ಕನಿಷ್ಠ ಒಂದು ವಾರ ಬಿಡಿ. ಬೀಡಿ ಸಿಗರೇಟಿನ ಹೊಗೆ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೀರುವ ಎಳೆತಕ್ಕೆ ಹೆಪ್ಪು ಕಿತ್ತು ಬರುತ್ತದೆ. ಶುಗರ್‌ನಿಂದ ಮೊದಲೇ ರಕ್ತ ಕಡಿಮೆ ಹರಿಯುವ ಜಾಗ ಅದು. ಅಡಿಕೆ ಚೂರು ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಡಿಕೆ ನಮ್ಮ ಬೆಳೆ, ನಮ್ಮ ಅನ್ನ, ನನಗೂ ಗೊತ್ತು. ಆದರೂ ಬಾಯಿಯ ಆರೋಗ್ಯ ನೋಡುವವನಾಗಿ ಹೇಳುತ್ತೇನೆ, ಈ ಒಂದು ವಾರ ಬಿಟ್ಟವರು ಹಾಗೇ ಬಿಟ್ಟುಬಿಟ್ಟರೆ ನನಗೆ ಬಹಳ ಸಂತೋಷ.

ಏನು ತಿನ್ನಲಿ? ಎಲ್ಲರೂ ಐಸ್‌ಕ್ರೀಮ್ ತಿನ್ನಿ ಅಂತಾರೆ.

ಐಸ್‌ಕ್ರೀಮ್ ನಿಮಗಲ್ಲ. ತಣ್ಣನೆಯ ಮಜ್ಜಿಗೆ ಸಾಕು. ಬರೀ ಅಕ್ಕಿ ಗಂಜಿ ಮೇಲೆ ಎರಡು ದಿನ ಇರುವವರು ಜಾಸ್ತಿ. ಗಂಜಿ ಶುಗರನ್ನು ಬೇಗ ಏರಿಸುತ್ತದೆ, ಒಂದು ಗಂಟೆಗೆ ಮತ್ತೆ ಹಸಿವು. ಗಾಯ ಕಟ್ಟುವುದಕ್ಕೆ ಬೇಕಾದ ಪ್ರೋಟೀನ್ ಅದರಲ್ಲಿ ಕಡಿಮೆ. ಗಂಜಿ ಕುಡಿಯುವುದಾದರೆ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ.

ನಮ್ಮ ರಾಗಿ ಮುದ್ದೆಗೆ ಇಲ್ಲೊಂದು ಅನುಕೂಲ ಇದೆ. ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹದವಾಗಿ ಆರಿದ ಮುದ್ದೆಯನ್ನು ಖಾರ ಕಡಿಮೆ ಇರುವ ಸಾರಿನಲ್ಲಿ ಅದ್ದಿ ನುಂಗಿದರೆ ಗಾಯಕ್ಕೆ ತೊಂದರೆ ಇಲ್ಲ. ಆದರೆ ಎಂದಿನ ಗಾತ್ರವೇ ಇರಲಿ, ರಾಗಿಯೂ ಶುಗರ್ ಏರಿಸುತ್ತದೆ. ಮೆತ್ತಗೆ ಬೇಯಿಸಿದ ಮೊಟ್ಟೆ, ಮೊಸರು, ಬೇಳೆ ಕಟ್ಟು, ಇಡ್ಲಿ, ಮುಳ್ಳು ಬಿಡಿಸಿದ ಮೀನು ಒಳ್ಳೆಯದು. ಅಕ್ಕಿ ರೊಟ್ಟಿಯ ಗರಿ ಅಂಚು, ಚಕ್ಕುಲಿ, ಕಡಲೆಬೀಜ, ಎಳ್ಳು ಹಾಕಿದ ತಿಂಡಿ ಒಂದು ವಾರ ಬೇಡ. ಇನ್ನೊಂದು ಕಡೆಯಿಂದ ಅಗಿಯಿರಿ. ಹೊತ್ತು ತಪ್ಪಿಸಬೇಡಿ, ಸ್ವಲ್ಪ ಸ್ವಲ್ಪ ಐದಾರು ಸಲ ತಿಂದರೂ ಆಗುತ್ತದೆ.

ಬದನೆಕಾಯಿ, ಕುಂಬಳಕಾಯಿ, ಮೀನು ತಿಂದರೆ ನಂಜಾಗುತ್ತದೆ ಅಂತಾರಲ್ಲ?

ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಈ ತರಕಾರಿಗಳಿಂದ ಗಾಯದಲ್ಲಿ ಕೀವು ಆಗುವುದಿಲ್ಲ. ಕೀವು ಆಗುವುದು ಕ್ರಿಮಿಗಳಿಂದ. ಪಥ್ಯ ಅಂತ ಮೊಟ್ಟೆ, ಮೀನು, ಬೇಳೆ ಎಲ್ಲ ಬಿಟ್ಟು ಅನ್ನ ತಿಳಿಸಾರಿನ ಮೇಲೆ ಇದ್ದರೆ ಗಾಯ ಮಾಯುವುದೇ ತಡವಾಗುತ್ತದೆ. ಹಿರಿಯರ ಮನಸ್ಸಿಗೆ ಸಮಾಧಾನ ಆಗುತ್ತದೆ ಅಂದರೆ ಬದನೆಕಾಯಿ ಬಿಡಿ, ನಷ್ಟ ಇಲ್ಲ. ಮೊಟ್ಟೆ, ಬೇಳೆ ಬಿಡಬೇಡಿ.

ಊಟ ಸೇರದೆ ಶುಗರ್ ಕುಸಿದರೆ?

ಬೆವರು, ಕೈ ನಡುಕ, ಎದೆ ಡವಡವ, ಮಾತು ತೊದಲುವುದು ಕಂಡರೆ ಮೊದಲು ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಕೊಡಿ. ಏರಿದ ಮೇಲೆ ಏನಾದರೂ ಊಟ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಶುಗರ್ ಇದ್ದ ಮೇಲೆ ಆಂಟಿಬಯೋಟಿಕ್ ಬೇಕೇ ಬೇಕಲ್ವಾ?

ಎಲ್ಲರಿಗೂ ಬೇಕಿಲ್ಲ. ಶುಗರ್ ಹತೋಟಿಯಲ್ಲಿದ್ದು, ಒಂದು ಹಲ್ಲು ಸಲೀಸಾಗಿ ಬಂದಿದ್ದರೆ ಎಷ್ಟೋ ಸಲ ಅದಿಲ್ಲದೆಯೇ ಗಾಯ ಮಾಯುತ್ತದೆ. ಮೊದಲೇ ಕೀವು ಇದ್ದರೆ, ಮೂಳೆ ಕೊರೆದು ತೆಗೆದಿದ್ದರೆ, ಶುಗರ್ ಜಾಸ್ತಿ ಇದ್ದರೆ ಬರೆದುಕೊಡುತ್ತೇವೆ. ಬರೆದುಕೊಟ್ಟರೆ ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ನುಂಗಿ. ಪಕ್ಕದ ಮನೆಯವರ ಉಳಿದ ಮಾತ್ರೆ, ಅಂಗಡಿಯಲ್ಲಿ ಬಾಯಿ ಮಾತಿಗೆ ಕೊಟ್ಟ ಮಾತ್ರೆ ಬೇಡ.

ಇದರಲ್ಲಿ ಶುಗರ್ ಇರುವವರಿಗೇ ಸೇರಿದ ಅಪಾಯ ಒಂದಿದೆ. ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ತಗೊಳ್ಳುವವರು ಕ್ಲಾರಿಥ್ರೋಮೈಸಿನ್ ಅಥವಾ ಲೆವೊಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್ ನುಂಗಿದರೆ ಶುಗರ್ ತೀರಾ ಕುಸಿಯಬಹುದು. ಅದಕ್ಕೇ ಮಾತ್ರೆ ಚೀಟಿ ತನ್ನಿ ಅಂದಿದ್ದು. ಮೆಟ್ರೊನಿಡಜೋಲ್ ಕೊಟ್ಟಿದ್ದರೆ ಆ ದಿನಗಳಲ್ಲಿ ಹೆಂಡ ಮುಟ್ಟಬೇಡಿ. ಅಷ್ಟೆಲ್ಲ ಆದರೂ ಆಂಟಿಬಯೋಟಿಕ್ ಒಂದೇ ಕಾಪಾಡುವುದಿಲ್ಲ. ಶುಗರ್ 300ರಲ್ಲೇ ಇಟ್ಟುಕೊಂಡು ಎಷ್ಟು ಮಾತ್ರೆ ನುಂಗಿದರೂ ಗಾಯ ಒದ್ದಾಡುತ್ತದೆ.

ನೋವಿಗೆ ಯಾವ ಮಾತ್ರೆ?

ಹೆಚ್ಚಿನವರಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಅನ್ನು ಕೇಳದೆ ತಗೊಳ್ಳಬೇಡಿ. ಬಹಳ ವರ್ಷ ಶುಗರ್ ಇದ್ದವರ ಕಿಡ್ನಿ ಸೊರಗಿರಬಹುದು, ಅದಕ್ಕೆ ಈ ಮಾತ್ರೆ ಇನ್ನಷ್ಟು ಏಟು ಕೊಡುತ್ತದೆ.

ಮೂರನೇ ದಿನ ನೋವು ಜಾಸ್ತಿ ಆಯಿತು. ನಂಜಾಗಿದೆಯಾ?

ಎರಡು ಥರ ಇರಬಹುದು. ಹೆಪ್ಪು ಉದುರಿ ಒಳಗಿನ ಮೂಳೆ ಬರಿದಾಗಿದ್ದರೆ ಕಿವಿಯವರೆಗೆ ಸೆಳೆಯುವ ನೋವು, ಕೆಟ್ಟ ವಾಸನೆ ಬರುತ್ತದೆ. ಊತ, ಜ್ವರ ಅಷ್ಟಾಗಿ ಇರುವುದಿಲ್ಲ. ಇದಕ್ಕೆ ನಾವು ಡ್ರೈ ಸಾಕೆಟ್ ಅನ್ನುತ್ತೇವೆ. ಗುಂಡಿ ತೊಳೆದು ಔಷಧಿ ಇಟ್ಟರೆ ನೋವು ಬೇಗ ಇಳಿಯುತ್ತದೆ. ಊತವೂ ಏರುತ್ತಿದ್ದು, ಕೀವು ಬರುತ್ತಿದ್ದು, ಜ್ವರ ಇದ್ದರೆ ನಂಜು. ಕಿತ್ತ ಮೇಲಿನ ಮಾಮೂಲಿ ಊತ ಎರಡು ಮೂರು ದಿನ ಏರಿ ಆಮೇಲೆ ಇಳಿಯಬೇಕು. ಆಮೇಲೂ ಏರುತ್ತಿದೆ ಅಂದರೆ ಬನ್ನಿ. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಕೂತು ತಲೆ ಕೆಡಿಸಿಕೊಳ್ಳಬೇಡಿ, ಎರಡಕ್ಕೂ ಬರಲೇಬೇಕು.

ಮನೆಯಲ್ಲೇ ಸಿಗುವ ಇನ್ನೊಂದು ಸೂಚನೆ ಇದೆ. ಊಟ, ಮಾತ್ರೆ ಎಂದಿನಂತೆ ಇದ್ದೂ ಶುಗರ್ ದಿನದಿಂದ ದಿನಕ್ಕೆ ಏರುತ್ತಿದ್ದರೆ ಒಳಗೆ ನಂಜು ಶುರುವಾಗಿರಬಹುದು. ಶುಗರ್ ಇರುವ ವಯಸ್ಸಾದವರಿಗೆ ನೋವು ಜ್ವರ ಜೋರಾಗಿ ಕಾಣದೆಯೂ ಇರುತ್ತದೆ. ಅದಕ್ಕೆ ಮೊದಲ ವಾರ ದಿನಕ್ಕೆ ಎರಡು ಸಲವಾದರೂ ಬೆರಳು ಚುಚ್ಚಿ ನೋಡಿ, ಒಂದು ಹಾಳೆಯಲ್ಲಿ ಬರೆದಿಡಿ.

ಯಾವಾಗ ರಾತ್ರಿಯಾದರೂ ಓಡಬೇಕು?

ನುಂಗಲು ಆಗದಿದ್ದರೆ, ಉಸಿರಾಟ ಕಷ್ಟವಾದರೆ, ಬಾಯಿ ಎರಡು ಬೆರಳಷ್ಟೂ ತೆರೆಯದಿದ್ದರೆ, ನಾಲಿಗೆ ಮೇಲಕ್ಕೆ ಎತ್ತಿದಂತಾದರೆ, ಗದ್ದದ ಕೆಳಗೆ ಕುತ್ತಿಗೆ ಗಟ್ಟಿಯಾಗಿ ಊದಿದರೆ, ಕಣ್ಣಿನ ಸುತ್ತ ಊತ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಕೆಳಗಿನ ಹಲ್ಲಿನ ಕೀವು ಗದ್ದದ ಕೆಳಗೆ ಇಳಿದರೆ ಗಂಟಲು ಕಟ್ಟಿ ಜೀವಕ್ಕೇ ಅಪಾಯ. 108 ಕರೆಸಿ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಕ್ಲಿನಿಕ್ ತೆರೆಯಲಿ ಅಂತ ಕೂರಬೇಡಿ. ವಾಂತಿ, ಹೊಟ್ಟೆ ನೋವು, ಏದುಸಿರು ಬಂದರೆ ಆಗಲೂ ಅಷ್ಟೇ.

ಗಾಯ ಪೂರ್ತಿ ಮಾಯಲು ಎಷ್ಟು ದಿನ?

ಗಾಯದ ಮೇಲೆ ಒಸಡು ಎರಡು ಮೂರು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗಿನ ಮೂಳೆ ತುಂಬಲು ತಿಂಗಳುಗಳೇ ಬೇಕು. ಶುಗರ್ ಇದ್ದರೆ ಇನ್ನೂ ತಡ. ಮೂರು ನಾಲ್ಕು ವಾರ ಆದರೂ ಗುಂಡಿ ತೆರೆದೇ ಇದ್ದರೆ, ಮೂಳೆ ಕಂಡರೆ ತೋರಿಸಿ. ಮೇಲಿನ ದವಡೆಯ ಗಾಯ ಮಾಯದೆ, ಅಂಗುಳ ಕಪ್ಪಾಗಿ, ಒಂದು ಕಡೆ ಮೂಗು ಕಟ್ಟಿ, ಕೆನ್ನೆ ಜೋಮು ಹಿಡಿದರೆ ಒಂದು ದಿನವೂ ತಡ ಮಾಡಬೇಡಿ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಕಪ್ಪು ಶಿಲೀಂಧ್ರ ಅಂತ ಕೇಳಿದ್ದೀರಲ್ಲ, ಶುಗರ್ ಹತೋಟಿ ತಪ್ಪಿದವರನ್ನೇ ಅದು ಹೆಚ್ಚಾಗಿ ಹಿಡಿದಿತ್ತು. ಕೋವಿಡ್ ಇಲ್ಲದೆಯೂ ಅದು ಬರಬಹುದು.

ಅಮ್ಮ ಊರಿನಲ್ಲಿ ಒಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಹೇಗೆ ನೋಡಿಕೊಳ್ಳಲಿ?

ಈ ಪ್ರಶ್ನೆ ಈಚೆಗೆ ಬಹಳ ಬರುತ್ತದೆ. ಆಗುವುದಾದರೆ ಮೂರು ದಿನ ಬಂದು ಜೊತೆಗಿರಿ. ಆಗದಿದ್ದರೆ ಪಕ್ಕದ ಮನೆಯವರಿಗೋ ಊರಿನ ಆಶಾ ಕಾರ್ಯಕರ್ತೆಗೋ ಹೇಳಿಡಿ. ಬೆಳಿಗ್ಗೆ ಸಂಜೆ ವಿಡಿಯೋ ಕಾಲ್ ಮಾಡಿ. ಹೇಗಿದ್ದೀಯಮ್ಮಾ ಅಂದರೆ, ಚೆನ್ನಾಗಿದ್ದೀನಿ ಕಣೋ, ನಿನ್ನ ಕೆಲಸ ನೋಡ್ಕೋ ಅಂತಲೇ ಅವರು ಹೇಳುವುದು. ಅದಕ್ಕೆ ಬಿಡಿಸಿ ಕೇಳಿ. ಇವತ್ತು ಶುಗರ್ ಎಷ್ಟಿತ್ತು, ಏನು ತಿಂದೆ, ಮಾತ್ರೆ ಎಷ್ಟು ಉಳಿದಿದೆ. ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ತೋರಿಸು ಅನ್ನಿ, ನಿನ್ನೆಗಿಂತ ಊದಿದೆಯಾ ನೋಡಿ. ಬಾಯಿ ತೆರೆದು ಮೂರು ಬೆರಳು ಇಡಲು ಆಗುತ್ತದಾ ಕೇಳಿ. ಕ್ಲಿನಿಕ್‌ನ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಆಟೋದವರ ನಂಬರ್ ಅದರ ಕೆಳಗೇ ಇರಲಿ.